ಲ್ಯಾಬಿನ ಸಿಂಕಿನಿಂದ ಹೊರಗೆ ಹೋಗುವ ನೀರಿನ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ವಿಷಯ: ಜಿಲ್ಲೆಯ ಸಣ್ಣ ಲ್ಯಾಬ್‌ಗಳ ಅಪಾಯಕಾರಿ ತ್ಯಾಜ್ಯ, ಮುಖ್ಯವಾಗಿ ದ್ರವ ತ್ಯಾಜ್ಯದ ಬಗ್ಗೆ

ಮಾನ್ಯರೇ,

ನಾನು ಕುಮಟಾದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿ ಕೆಲಸ ಮಾಡುತ್ತೇನೆ. ಇದಕ್ಕೂ ಮೊದಲು ಶಿರಸಿ ಮತ್ತು ಕಾರವಾರದ ಸಣ್ಣ ಲ್ಯಾಬ್‌ಗಳಲ್ಲಿ ಇದ್ದೆ. ರಕ್ತ ತೆಗೆಯುವುದು, ಮಷೀನಿಗೆ ಹಾಕುವುದು, ರಿಪೋರ್ಟ್ ಕೊಡುವುದು, ಕೊನೆಗೆ ಉಳಿದದ್ದನ್ನು ವಿಲೇವಾರಿ ಮಾಡುವುದು ನನ್ನ ಕೆಲಸ. ಈ ಪತ್ರದಲ್ಲಿ ಹೇಳಹೊರಟಿರುವುದು ಆ ಕೊನೆಯ ಕೆಲಸದ ಬಗ್ಗೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಮೇಲ್ವಿಚಾರಣಾ ಸಮಿತಿ ಇರಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು, ಸ್ಥಳೀಯ ಸಂಸ್ಥೆಯವರು, ವೈದ್ಯರ ಸಂಘದವರು, ತ್ಯಾಜ್ಯ ಒಯ್ಯುವ ಸಂಸ್ಕರಣಾ ಘಟಕದವರು ಎಲ್ಲರೂ ಅದರಲ್ಲಿ ಕೂತುಕೊಳ್ಳುತ್ತಾರೆ. ಹಾಗಾಗಿ ಈ ಮಾತನ್ನು ಹೇಳಲು ಇದಕ್ಕಿಂತ ಸರಿಯಾದ ಜಾಗ ನನಗೆ ಕಾಣಲಿಲ್ಲ.

ಲಕೋಟೆಯಲ್ಲಿ ಹಾಕಿ ಕಚೇರಿಗೆ ಕೊಟ್ಟು ಬರಬಹುದಿತ್ತು. ಆದರೆ ಇದನ್ನು ನೀವೊಬ್ಬರೇ ಓದಿದರೆ ಸಾಲದು. ಲ್ಯಾಬ್ ನಡೆಸುವವರು, ಅಲ್ಲಿ ನನ್ನ ಹಾಗೆ ಕೆಲಸ ಮಾಡುವವರು, ಪುರಸಭೆಯ ಸದಸ್ಯರು, ಲ್ಯಾಬಿನ ಪಕ್ಕದ ಮನೆಯಲ್ಲಿ ಬಾವಿ ನೀರು ಸೇದುವವರು ಎಲ್ಲರೂ ಓದಬೇಕು. ಯಾವ ಲ್ಯಾಬಿನ ಹೆಸರನ್ನೂ ಇಲ್ಲಿ ಬರೆದಿಲ್ಲ. ಒಬ್ಬರನ್ನು ಹಿಡಿದು ದಂಡ ಹಾಕಿದರೆ ಮುಗಿಯುವ ವಿಷಯ ಇದಲ್ಲ.

ಮೊದಲು ಒಳ್ಳೆಯದನ್ನು ಹೇಳಬೇಕು. ಚೀಲಗಳ ವಿಷಯದಲ್ಲಿ ನಾವು ಸಾಕಷ್ಟು ಮುಂದೆ ಬಂದಿದ್ದೇವೆ. ಹಳದಿ, ಕೆಂಪು, ಬಿಳಿ, ನೀಲಿ ಯಾವುದಕ್ಕೆ ಅಂತ ಇವತ್ತು ಹೊಸದಾಗಿ ಸೇರಿದ ಹುಡುಗಿಗೂ ಗೊತ್ತು. ರಕ್ತ ಹತ್ತಿದ ಹತ್ತಿ ಹಳದಿಗೆ. ರಕ್ತ ಹಿಡಿಯುವ ವ್ಯಾಕ್ಯುಟೇನರ್ ಟ್ಯೂಬ್, ಸೂಜಿ ಇಲ್ಲದ ಸಿರಿಂಜ್, ಗ್ಲೌಸ್ ಕೆಂಪಿಗೆ. ಸೂಜಿ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಘಟಕದ ಗಾಡಿ ಬರುತ್ತದೆ, ಬಾರ್‌ಕೋಡ್ ಅಂಟಿಸಿ ತೂಕ ಮಾಡಿ ಒಯ್ಯುತ್ತದೆ. ತಪಾಸಣೆಗೆ ಬಂದವರು ನೋಡುವುದೂ ಇದನ್ನೇ. ಗೋಡೆಯ ಮೇಲೆ ಚಾರ್ಟ್ ಇದೆಯಾ, ಡಬ್ಬಿ ಇದೆಯಾ, ರಿಜಿಸ್ಟರ್ ಬರೆದಿದ್ದಾರಾ. ಇದ್ದರೆ ಸಹಿ.

ಆದರೆ ಸಿಂಕಿಗೆ ಹೋಗುವುದನ್ನು ಯಾರೂ ಕೇಳುವುದಿಲ್ಲ.

ರಕ್ತಕಣ ಎಣಿಸುವ ಸೆಲ್ ಕೌಂಟರ್ ಈಗ ತಾಲ್ಲೂಕಿನ ಸಣ್ಣ ಲ್ಯಾಬಿನಲ್ಲೂ ಇದೆ. ಅದರ ಪಕ್ಕದಲ್ಲಿ ರಕ್ತವನ್ನು ತೆಳುಮಾಡುವ ದ್ರಾವಣದ, ಅಂದರೆ ಡೈಲ್ಯುಯೆಂಟಿನ, 20 ಲೀಟರಿನ ಡಬ್ಬ ಇರುತ್ತದೆ. ಡೆಂಗ್ಯೂ ಸೀಸನ್‌ನಲ್ಲಿ ಎಲ್ಲರಿಗೂ ಪ್ಲೇಟ್‌ಲೆಟ್ ನೋಡಬೇಕು, ಆಗ ಡಬ್ಬ ಬೇಗ ಬೇಗ ಖಾಲಿಯಾಗುತ್ತದೆ. ಒಳಗೆ ಹೋದ 20 ಲೀಟರ್ ಎಲ್ಲಾದರೂ ಹೊರಗೆ ಬರಲೇಬೇಕು ಅಲ್ವಾ? ಬರುತ್ತದೆ. ರೋಗಿಗಳ ರಕ್ತ, ಕಣ ಒಡೆಯುವ ಲೈಸ್ ದ್ರಾವಣ, ಮಷೀನ್ ತೊಳೆಯುವ ಕ್ಲೀನರ್ ಎಲ್ಲ ಸೇರಿಕೊಂಡು ಒಂದು ಸಣ್ಣ ಪೈಪಿನಿಂದ ಬರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ನೋಡುವ ಬಯೋಕೆಮಿಸ್ಟ್ರಿ ಅನಲೈಸರ್‌ದ್ದೂ ಹಾಗೇ. ನಾನು ಕೆಲಸ ಮಾಡಿದ ಒಂದು ಕಡೆ ಆ ಪೈಪ್ ಹಿಂದಿನ ಗೋಡೆಯ ತೂತಿನಿಂದ ನೇರವಾಗಿ ಗಟಾರಕ್ಕೆ ಬಿಟ್ಟಿತ್ತು. ಇನ್ನೊಂದು ಕಡೆ ಸಿಂಕಿನ ನೀರು ಹಿತ್ತಲಿನ ಇಂಗುಗುಂಡಿಗೆ ಹೋಗುತ್ತಿತ್ತು. ಅಲ್ಲಿಂದ ಕೆಲವೇ ಹೆಜ್ಜೆ ಆಚೆಗೆ ಪಕ್ಕದ ಮನೆಯ ಬಾವಿ. ಆ ಮನೆಯವರು ಬೆಳಿಗ್ಗೆ ಆ ಬಾವಿಯಿಂದ ಕೊಡ ತುಂಬಿಕೊಳ್ಳುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಈ ವಿಷಯವನ್ನು ಅಲ್ಲಿನ ಮಾಲೀಕರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. “ಮತ್ತೆಲ್ಲಿಗೆ ಬಿಡೂದು, ನೀವೇ ಹೇಳಿ” ಅಂದರು. ಅವರ ಪ್ರಶ್ನೆ ಪ್ರಾಮಾಣಿಕವಾಗಿತ್ತು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸಮಿತಿ ಅಂತ ನನ್ನ ನಂಬಿಕೆ.

ನಿಯಮದಲ್ಲಿ ಇದು ಇಲ್ಲದೇ ಇಲ್ಲ. ರಾಸಾಯನಿಕ ದ್ರವ ತ್ಯಾಜ್ಯವನ್ನು ಹುಟ್ಟಿದ ಜಾಗದಲ್ಲೇ ಬೇರೆ ಮಾಡಬೇಕು, ಬೇರೆ ಕೊಳಚೆ ನೀರಿಗೆ ಸೇರಿಸುವ ಮೊದಲು ಅದರ ವಿಷ ಕಳೆಯಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹೊರಗೆ ಬಿಡುವ ನೀರು ಹೇಗಿರಬೇಕು ಅನ್ನುವುದಕ್ಕೂ ಅಳತೆಗಳಿವೆ. ಅದರಲ್ಲಿ ಒಂದನ್ನು ನಮ್ಮ ಕಡಲ ಕಡೆಯ ಜನ ತಿಳಿದಿರಬೇಕು. ಆ ನೀರಿಗೆ ಬೇರೆ ನೀರು ಬೆರೆಸದೆ ಅದರಲ್ಲಿ ಮೀನು ಬಿಟ್ಟರೆ, 96 ಗಂಟೆ ಕಳೆದ ಮೇಲೂ ಶೇಕಡಾ 90 ಮೀನು ಬದುಕಿರಬೇಕು. ಊರಿಗೆ ಒಳಚರಂಡಿ ಇಲ್ಲದಿದ್ದರೆ, ಇದ್ದರೂ ಅದರ ಕೊನೆಗೆ ಶುದ್ಧೀಕರಣ ಘಟಕ ಇಲ್ಲದಿದ್ದರೆ, ಹಾಸಿಗೆ ಇರುವ ಆಸ್ಪತ್ರೆಗಳಿಗೆ ಈ ಅಳತೆ ಕಡ್ಡಾಯ. ಹಾಸಿಗೆ ಇಲ್ಲದ ನಮ್ಮಂಥ ಲ್ಯಾಬ್‌ಗಳೂ ಸೋಂಕಿನ ದ್ರವವನ್ನು ರೋಗಾಣು ಕೊಂದ ಮೇಲೆಯೇ ಹೊರಗೆ ಬಿಡಬೇಕು.

ಹಿಂದಿನ ಗೋಡೆಯಿಂದ ಬರುವ ಆ ಪೈಪಿನ ನೀರಿನಲ್ಲಿ ಮೀನು ಬದುಕುತ್ತದೆಯೇ? ಯಾರೂ ನೋಡಿದ್ದನ್ನು ನಾನು ಕಂಡಿಲ್ಲ.

ನಮ್ಮ ನೆಲವೂ ಬೇರೆ ಥರ. ಕಡಲ ಹತ್ತಿರ ಮರಳು, ಸ್ವಲ್ಪ ಒಳಗೆ ಬಂದರೆ ಚಿರೆಕಲ್ಲು. ಎರಡೂ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಕೆಳಗೆ ಬಿಡುತ್ತವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು. ಜುಲೈ ತಿಂಗಳಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಇಂಗುಗುಂಡಿ ಮತ್ತು ಬಾವಿಯ ನಡುವೆ ಆಗ ಉಳಿಯುವುದು ಒದ್ದೆ ಮಣ್ಣು ಮಾತ್ರ. ಗಟಾರದ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಕಾರವಾರದಲ್ಲಿ ಕಾಳಿ, ಅಂಕೋಲೆಯಲ್ಲಿ ಗಂಗಾವಳಿ, ಇಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಅಘನಾಶಿನಿಯ ಅಳಿವೆಗೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ರಾಮ್ಸಾರ್ ಮಾನ್ಯತೆ ಬಂತು. ನಾವೆಲ್ಲ ಸಂತೋಷಪಟ್ಟೆವು. ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಬಳಚು ಅಂದರೆ ನೀರನ್ನು ಸೋಸಿ ಬದುಕುವ ಚಿಪ್ಪಿನ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲಿ ಸೇರುತ್ತದೆ, ನಂತರ ನಮ್ಮ ತಾಟಿಗೆ ಬರುತ್ತದೆ. ಒಂದು ಲ್ಯಾಬಿನ ಪೈಪಿನಿಂದ ಹೊಳೆ ಕೆಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ದಿನವೂ, ವರ್ಷವಿಡೀ, ಎಲ್ಲ ಊರಿನ ಪೈಪುಗಳೂ ಸೇರಿ ಎಷ್ಟಾಗುತ್ತದೆ ಅಂತ ಯಾರಾದರೂ ಲೆಕ್ಕ ಇಡಬೇಕು.

ಆ ನೀರಿನಲ್ಲಿ ಏನಿರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲ್ಯಾಬಿನ ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ.

ಹಿಮೋಗ್ಲೋಬಿನ್ ನೋಡುವ ಹಳೆಯ ವಿಧಾನದಲ್ಲಿ ಡ್ರಾಬ್‌ಕಿನ್ ದ್ರಾವಣ ಬಳಸುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಸಯನೈಡ್ ಇದೆ. ಪ್ರಮಾಣ ಕಡಿಮೆ, ನಿಜ. ಆದರೆ ಅದಕ್ಕೆ ಆಸಿಡ್ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಹುಟ್ಟುತ್ತದೆ. ಅದೇ ಸಿಂಕಿನಲ್ಲಿ ಕಫದ ಸ್ಲೈಡ್ ತೊಳೆಯುವವರೂ ಇದ್ದಾರೆ. ಟಿಬಿಗೆ ಮಾಡುವ ಆ ಪರೀಕ್ಷೆಯಲ್ಲಿ ಫಿನಾಲ್ ಇರುವ ಬಣ್ಣ ಹಾಕಿ, ಆಮೇಲೆ ಸಲ್ಫ್ಯೂರಿಕ್ ಆಸಿಡ್‌ನಿಂದ ಬಣ್ಣ ತೆಗೆಯುತ್ತೇವೆ. ಇನ್ನು ಎಷ್ಟೋ ಕಿಟ್‌ಗಳ ರಿಯೇಜೆಂಟ್, ಅಂದರೆ ಪರೀಕ್ಷೆಗೆ ಬಳಸುವ ದ್ರಾವಣ, ಕೆಡದಿರಲಿ ಅಂತ ಸೋಡಿಯಂ ಅಜೈಡ್ ಹಾಕಿರುತ್ತಾರೆ. ಅದು ತಾಮ್ರ ಅಥವಾ ಸೀಸದ ಪೈಪಿನ ಜೊತೆ ಸೇರಿ ಸಿಡಿಯುವ ವಸ್ತುವಾಗಬಹುದು ಅಂತ ಕಿಟ್ ಒಳಗಿನ ಚೀಟಿಯಲ್ಲೇ ಎಚ್ಚರಿಕೆ ಇರುತ್ತದೆ. ಆ ಚೀಟಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ, ಪೆಟ್ಟಿಗೆಯ ಜೊತೆಗೇ ಕಸಕ್ಕೆ ಹೋಗುತ್ತದೆ. ಆಪರೇಷನ್ ಮಾಡಿ ತೆಗೆದ ತುಂಡನ್ನು ಬಯಾಪ್ಸಿಗೆ ಕಳಿಸುವಾಗ ಫಾರ್ಮಲಿನ್‌ನಲ್ಲಿ ಹಾಕುತ್ತೇವೆ. ಅದರೊಳಗಿನ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿಗೆ ಸೇರಿಸಿದೆ. ಉಳಿದ ಫಾರ್ಮಲಿನ್ ಎಲ್ಲಿಗೆ ಹೋಗಬೇಕು? ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯವಾಗಿ, ಬೇರೆ ಡಬ್ಬಿಯಲ್ಲಿ, ಸಂಸ್ಕರಣೆಗೆ. ಬೇಸಿನ್ನಿಗೆ ಸುರಿದದ್ದನ್ನೇ ನಾನು ಜಾಸ್ತಿ ನೋಡಿದ್ದು.

ಇದಕ್ಕೆಲ್ಲ ಒಂದೇ ಮದ್ದು ಅಂತ ನಮ್ಮಲ್ಲಿ ಹೈಪೋ ಸುರಿಯುವ ರೂಢಿ ಬೆಳೆದಿದೆ. ಸೋಡಿಯಂ ಹೈಪೋಕ್ಲೋರೈಟ್ ರಕ್ತದಲ್ಲಿರುವ ವೈರಸ್ ಕೊಲ್ಲುತ್ತದೆ, ಸಂಶಯ ಇಲ್ಲ. ಆದರೆ ಸರಿಯಾದ ಪ್ರಮಾಣದಲ್ಲಿ ಬೆರೆಸಿ, ಸಾಕಷ್ಟು ಹೊತ್ತು ಬಿಟ್ಟರೆ ಮಾತ್ರ. ಬೆರೆಸಿಟ್ಟ ಹೈಪೋ ಬಿಸಿಲಿಗೆ, ಸೆಕೆಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಏಪ್ರಿಲ್ ಮೇ ಸೆಕೆಯಲ್ಲಿ ನಿನ್ನೆಯ ಹೈಪೋ ಇವತ್ತಿಗೆ ನಂಬುವಂತಿಲ್ಲ. ದಿನವೂ ಹೊಸದಾಗಿ ಬೆರೆಸಬೇಕು. ಆಸಿಡ್ ಜೊತೆ ಸೇರಿದರೆ ಹೈಪೋ ಕ್ಲೋರಿನ್ ಅನಿಲ ಬಿಡುತ್ತದೆ. ಕಿಟಕಿ ಮುಚ್ಚಿದ, ಎಸಿ ಹಾಕಿದ ಸಣ್ಣ ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ ಹೀಗೇ ಉಸಿರುಕಟ್ಟಿ ಹೊರಗೆ ಓಡಿ ಬಂದದ್ದನ್ನು ನೋಡಿದ್ದೇನೆ. ಹಾಗಂತ ಹೈಪೋವನ್ನು ಬೇಕಾದಷ್ಟು ಸುರಿದು ಗಟಾರಕ್ಕೆ ಬಿಟ್ಟರೆ ಮೀನು ಮೊದಲು ಸಾಯುವುದು ಆ ಕ್ಲೋರಿನ್‌ನಿಂದಲೇ. ಅಂದರೆ ರೋಗಾಣುವನ್ನೂ ಕೊಲ್ಲಬೇಕು, ಕ್ಲೋರಿನ್ ಕೂಡ ಇಳಿಯಬೇಕು, ಆಸಿಡ್ ಸಮವಾಗಬೇಕು, ವಿಷದ ರಾಸಾಯನಿಕ ಮೊದಲೇ ಬೇರೆಯಾಗಿರಬೇಕು. ಇದನ್ನು ಇಬ್ಬರು ಮೂವರು ಕೆಲಸ ಮಾಡುವ ಲ್ಯಾಬ್ ತನ್ನಷ್ಟಕ್ಕೆ ತಾನೇ ಕಂಡುಕೊಳ್ಳಲಿ ಅಂತ ಬಿಡುವುದು ಸರಿಯಲ್ಲ.

ಈಗ ಸೂಜಿಯ ವಿಷಯ. ಇದು ದ್ರವ ಅಲ್ಲ, ಆದರೂ ಹೇಳದೆ ಇರಲಾರೆ.

ನಾನು ಕೆಲಸ ಮಾಡಿದ ಒಂದು ಊರಿನಲ್ಲಿ, ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೆ ಒಬ್ಬ ಪೌರಕಾರ್ಮಿಕ ಮಹಿಳೆ ಮೆಟ್ಟಿಲ ಮೇಲೆ ಕೂತಿದ್ದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕಸದ ಕಪ್ಪು ಚೀಲ ಎತ್ತುವಾಗ ಚುಚ್ಚಿತಂತೆ. ಚುಚ್ಚಿದ್ದನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ನೋಡಿದರೆ ಹಸಿರು ಬುಡದ ಸೂಜಿ, 21 ಗೇಜ್. ರಕ್ತ ತೆಗೆಯಲು ನಾವೆಲ್ಲ ಬಳಸುವ ಸೂಜಿ ಅದು. “ಅಕ್ಕಾ, ಇದು ನಿಮ್ದೇ ಅಲ್ವಾ? ಈಗ ಎಂತ ಮಾಡೂದು?” ಅಂತ ಕೇಳಿದರು. ಬೈಯಲಿಲ್ಲ. ಆ ಸಾಲಿನಲ್ಲಿ ನಮ್ಮದೂ ಸೇರಿ ಕೆಲವು ಲ್ಯಾಬ್, ಕ್ಲಿನಿಕ್‌ಗಳು ಇದ್ದವು. ಯಾರ ಸೂಜಿ ಅಂತ ಗೊತ್ತಾಗುವ ಹಾಗಿರಲಿಲ್ಲ. ಯಾವ ರೋಗಿಗೆ ಚುಚ್ಚಿದ್ದು ಅಂತ ಗೊತ್ತಾಗುವುದಂತೂ ದೂರದ ಮಾತು.

ಬೆರಳು ಹಿಂಡಬೇಡಿ ಅಂತ ಹೇಳಿ ಸೋಪು ನೀರಿನಲ್ಲಿ ತೊಳೆಸಿದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ ಅಂತ ಕೇಳಿದರೆ, ಅಂಥ ಲಸಿಕೆ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಇದ್ದವರ ಸೂಜಿ ಚುಚ್ಚಿದರೆ ಸೋಂಕು ತಗುಲುವ ಸಾಧ್ಯತೆ ಶೇಕಡಾ 6ರಿಂದ 30ರವರೆಗೆ ಇದೆ. ಎಚ್‌ಐವಿಗೆ ಅದು ಶೇಕಡಾ 0.3. ಜನ ಹೆದರುವುದು ಎಚ್‌ಐವಿಗೆ, ಆದರೆ ಜಾಸ್ತಿ ಅಂಟುವುದು ಹೆಪಟೈಟಿಸ್ ಬಿ. ಆ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿ, ಕನಿಷ್ಠ ಏಳು ದಿನ ಬದುಕಿರಬಲ್ಲದು. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯ ಒಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಷ್ಟನ್ನು ಹೇಳಿ, ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂದೆ. ಅವರು ಇನ್ನೂ ಎರಡು ಓಣಿ ಗುಡಿಸುವುದು ಬಾಕಿ ಇದೆ, ಅರ್ಧಕ್ಕೆ ಬಿಟ್ಟರೆ ಹಾಜರಿ ಹೋಗುತ್ತದೆ ಅಂದರು. ಕೊನೆಗೆ ನಾನೇ ರಿಕ್ಷಾ ಹತ್ತಿಸಿ ಕಳಿಸಿದೆ. ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷೆಗೆ ಬಂದರು. ಏನೂ ತಗುಲಿರಲಿಲ್ಲ. ಆ ಕೊನೆಯ ರಿಪೋರ್ಟ್ ಬರುವವರೆಗೂ ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈ ಘಟನೆ ಎಲ್ಲೂ ದಾಖಲಾಗಲಿಲ್ಲ. ಅಪಘಾತವಾದರೆ ಬರೆದುಕೊಡಲು ನಿಯಮದಲ್ಲಿ ಒಂದನೇ ನಮೂನೆ ಇದೆ. ಅದನ್ನು ತುಂಬಬೇಕಾದದ್ದು ತ್ಯಾಜ್ಯ ಹುಟ್ಟಿಸಿದ ಸಂಸ್ಥೆ. ಯಾರದ್ದು ಅಂತ ಗೊತ್ತಿಲ್ಲದ ಸೂಜಿಗೆ ಯಾರು ನಮೂನೆ ತುಂಬುತ್ತಾರೆ? ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಆಸ್ಪತ್ರೆಯ, ಲ್ಯಾಬಿನ ಒಳಗಿನವರನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿದೆ. ಬೀದಿಯಲ್ಲಿ ಆ ಚೀಲ ಎತ್ತುವವರು ಆ ಲೆಕ್ಕದಲ್ಲಿ ಸಿಗುತ್ತಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಈ ಇಡೀ ವಿಷಯದಲ್ಲಿ ನನಗೆ ಕಾಣುವುದಿಲ್ಲ.

ಇಂಥ ಸೂಜಿ ಬೀದಿಗೆ ಬರುವುದು ಹೇಗೆ? ದೊಡ್ಡ ಲ್ಯಾಬಿನಿಂದ ಬರುವುದು ಕಡಿಮೆ. ಒಂದು ಟೇಬಲ್, ಒಂದು ಫ್ರಿಜ್ ಇಟ್ಟುಕೊಂಡ ಕಲೆಕ್ಷನ್ ಸೆಂಟರ್‌ಗಳು ಈಗ ಪೇಟೆಗೆ ನಾಲ್ಕಾರು ಇವೆ. ರಕ್ತ ತೆಗೆದು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ರಾತ್ರಿ ಬಸ್ಸಿಗೆ ಹಾಕುತ್ತಾರೆ. ಸ್ಯಾಂಪಲ್ ಹುಬ್ಬಳ್ಳಿಗೋ ಮಂಗಳೂರಿಗೋ ಹೋಯಿತು, ಸೂಜಿ ಇಲ್ಲೇ ಉಳಿಯಿತು. ಬೈಕಿನಲ್ಲಿ ಮನೆ ಮನೆಗೆ ಹೋಗಿ ರಕ್ತ ತೆಗೆಯುವ ಹುಡುಗರೂ ಇದ್ದಾರೆ. ಅವರಿಗೆ ಸೂಜಿ ಹಾಕಿಕೊಳ್ಳಲು ಗಟ್ಟಿ ಡಬ್ಬಿ ಕೊಡುವವರು ಕೊಡುತ್ತಾರೆ, ಉಳಿದವರು ಬ್ಯಾಗಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ನಿಯಮ ಇವರನ್ನು ಬಿಟ್ಟಿಲ್ಲ. ರಕ್ತದಾನ ಶಿಬಿರಕ್ಕೂ, ಶಾಲೆಯ ಪ್ರಥಮ ಚಿಕಿತ್ಸೆ ಕೋಣೆಗೂ ಅದು ಅನ್ವಯಿಸುತ್ತದೆ. ಹಾಗಿರುವಾಗ ಕಲೆಕ್ಷನ್ ಸೆಂಟರ್ ಹೊರಗೆ ಉಳಿಯುವುದು ಹೇಗೆ?

ಶಿರಸಿ, ಸಿದ್ದಾಪುರದ ಕಡೆ ಇನ್ನೊಂದು ಅಪಾಯ ಇದೆ. ಚಳಿಗಾಲ ಮುಗಿದು ಬೇಸಿಗೆ ಬರುವಾಗ ಮಂಗನ ಕಾಯಿಲೆಯ ಭಯ. ಕಾಡಿಗೆ ದರಕು, ಸೊಪ್ಪು ತರಲು ಹೋಗಿ ಬಂದವರಿಗೆ ಜ್ವರ ಬಂದರೆ ಮೊದಲು ಹೋಗುವುದು ಹತ್ತಿರದ ಸಣ್ಣ ಲ್ಯಾಬಿಗೆ, ಪ್ಲೇಟ್‌ಲೆಟ್ ನೋಡಿಸಲು. ಅದು ಮಂಗನ ಕಾಯಿಲೆ ಅಂತ ಗೊತ್ತಾಗುವುದು ಆಮೇಲೆ, ಬೇರೆ ಕಡೆ ವಿಶೇಷ ಪರೀಕ್ಷೆ ಮಾಡಿದ ಮೇಲೆ. ಅಷ್ಟು ಹೊತ್ತಿಗೆ ಆ ರಕ್ತ ನಮ್ಮ ಮಷೀನಿನೊಳಗೆ ಹೋಗಿ ಪೈಪಿನಿಂದ ಹೊರಗೆ ಬಂದಾಗಿರುತ್ತದೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೂ ತಗುಲಿದ ದಾಖಲೆಗಳಿವೆ. ಯಾವ ಸ್ಯಾಂಪಲ್‌ನಲ್ಲಿ ಏನಿದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಅಪಾಯ ಅಂತಲೇ ತಿಳಿದು ಸಂಸ್ಕರಿಸಬೇಕು.

ಮಳೆಗಾಲಕ್ಕೂ ಬೇರೆಯೇ ಯೋಜನೆ ಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು. ಇಡಲೇಬೇಕಾದರೆ ಕಾರಣ ತಿಳಿಸಿ, ತೊಂದರೆ ಆಗದ ಹಾಗೆ ಇಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, 66ನೇ ರಾಷ್ಟ್ರೀಯ ಹೆದ್ದಾರಿ ಬಂದ್ ಆಯಿತು. ಆ ದುಃಖದ ಮುಂದೆ ನಮ್ಮ ಚೀಲಗಳ ಮಾತು ಸಣ್ಣದು. ಆದರೆ ಪ್ರತಿ ಮಳೆಗಾಲದಲ್ಲೂ ಹೆದ್ದಾರಿಯೋ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಒಂದಲ್ಲ ಒಂದು ಕಡೆ ದಾರಿ ಕಟ್ಟಬಹುದು ಅನ್ನುವುದು ನಮಗೆಲ್ಲ ಗೊತ್ತಿದೆ. ಗಾಡಿ ತಡವಾದರೆ ಹಳದಿ ಚೀಲ ವಾಸನೆ ಬರಲು ಶುರುವಾಗುತ್ತದೆ. ಮೆಟ್ಟಿಲ ಕೆಳಗೆ ಇಟ್ಟರೆ ನಾಯಿ, ಹೊರಗೆ ಇಟ್ಟರೆ ಮಳೆ. ಸಮುದ್ರ ದಂಡೆಯ ಗಾಳಿಮರದ ತೋಪಿನಲ್ಲಿ ಅರ್ಧ ಸುಟ್ಟ ಟ್ಯೂಬುಗಳ ರಾಶಿಯನ್ನು ನಾನು ನೋಡಿದ್ದು ಮಳೆ ಮುಗಿದ ಮೇಲೆಯೇ. ಕರೆಂಟಿನ ಕಥೆಯೂ ಇದೇ. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪ್ಲೇಟುಗಳನ್ನು ಘಟಕಕ್ಕೆ ಕೊಡುವ ಮೊದಲು ಲ್ಯಾಬಿನಲ್ಲೇ ಆಟೋಕ್ಲೇವ್ ಮಾಡಬೇಕು, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಬೇಕು. 121 ಡಿಗ್ರಿಯಲ್ಲಿ ಹೊತ್ತು ತುಂಬುವ ಮೊದಲೇ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಮಾಡಬೇಕು. ಸಂಜೆ ಹೊತ್ತಿಗೆ ಮನೆಗೆ ಹೋಗುವ ಆತುರದಲ್ಲಿ ಎಲ್ಲರೂ ಹಾಗೆ ಮಾಡುತ್ತಾರಾ ಅಂತ ನೋಡಲು ಯಾರೂ ಇರುವುದಿಲ್ಲ.

ಪರವಾನಗಿಯ ಬಗ್ಗೆ ಒಂದು ಮಾತು. ಹಾಸಿಗೆ ಇಲ್ಲದ ಸಂಸ್ಥೆಗಳಿಗೆ, ಅಂದರೆ ನಮ್ಮಂಥ ಲ್ಯಾಬ್‌ಗಳಿಗೆ, ತ್ಯಾಜ್ಯ ನಿರ್ವಹಣೆಯ ಅನುಮತಿ ಒಂದು ಸಲ ಸಿಕ್ಕರೆ ಮುಗಿಯಿತು, ನವೀಕರಣ ಇಲ್ಲ. ಅರ್ಜಿ ಹಾಕಿ 90 ದಿನದೊಳಗೆ ಆಕ್ಷೇಪಣೆ ಬರದಿದ್ದರೆ ಅನುಮತಿ ಕೊಟ್ಟಂತೆಯೇ. ಸಣ್ಣವರಿಗೆ ಕಿರಿಕಿರಿ ಆಗಬಾರದು ಅನ್ನುವ ಒಳ್ಳೆಯ ಉದ್ದೇಶ ಇದರ ಹಿಂದೆ ಇರಬಹುದು. ಆದರೆ ಅರ್ಜಿ ಹಾಕುವಾಗ ಕೈಯಲ್ಲಿ ಪರೀಕ್ಷೆ ಮಾಡುತ್ತಿದ್ದ ಲ್ಯಾಬ್, ಇವತ್ತು ಎರಡು ಅನಲೈಸರ್ ಇಟ್ಟುಕೊಂಡಿದೆ. ತ್ಯಾಜ್ಯದ ಪ್ರಮಾಣವೂ ಬದಲಾಗಿದೆ, ಅದರ ಗುಣವೂ ಬದಲಾಗಿದೆ. ಕಾಗದದಲ್ಲಿ ಮಾತ್ರ ಹಳೆಯದೇ ಇದೆ. ಹಾಗಾಗಿ ಸ್ಥಳಕ್ಕೆ ಬಂದು ನೋಡುವುದೊಂದೇ ದಾರಿ, ಅದನ್ನು ಮಾಡಿಸುವ ಅಧಿಕಾರ ನಿಮ್ಮ ಸಮಿತಿಗೆ ಇದೆ.

ಇನ್ನು ನನ್ನ ಕೋರಿಕೆಗಳು.

ಎಲ್ಲಕ್ಕಿಂತ ಮುಖ್ಯವಾದದ್ದು, ಸಣ್ಣ ಲ್ಯಾಬಿಗೆ ಹೊಂದುವ ಒಂದು ಸರಳ ವಿನ್ಯಾಸವನ್ನು ಸಮಿತಿಯೇ ಮಾಡಿಸಿ ಕೊಡಲಿ. ನಿಮ್ಮ ಸಮಿತಿಯಲ್ಲಿ ಎಂಜಿನಿಯರುಗಳಿದ್ದಾರೆ, ಮಂಡಳಿಯವರಿದ್ದಾರೆ. ಮಷೀನಿನ ನೀರು ಮೊದಲು ಒಂದು ಮುಚ್ಚಿದ ಟ್ಯಾಂಕಿಗೆ ಬರಬೇಕು, ಅಲ್ಲಿ ಅದಕ್ಕೆ ಎಷ್ಟು ಹೈಪೋ, ಎಷ್ಟು ಹೊತ್ತು, ಆಮೇಲೆ ಕ್ಲೋರಿನ್ ಇಳಿಸುವುದು ಹೇಗೆ, ಆಸಿಡ್ ಸಮ ಮಾಡುವುದು ಹೇಗೆ, ಬಾವಿಯಿಂದ ಎಷ್ಟು ದೂರ ಇರಬೇಕು ಅಂತ ಚಿತ್ರ ಸಮೇತ ಕನ್ನಡದಲ್ಲಿ ಬರೆದು ಕೊಡಿ. ಈ ಚಿತ್ರ ಕೈಯಲ್ಲಿದ್ದರೆ ಊರಿನ ಪ್ಲಂಬರ್ ಮಾಡಿಕೊಡುತ್ತಾನೆ. “ಮತ್ತೆಲ್ಲಿಗೆ ಬಿಡೂದು” ಅಂತ ಕೇಳಿದ ಆ ಮಾಲೀಕರಂಥವರು ಸುಮ್ನೆ ಕೂರುವವರಲ್ಲ, ದಾರಿ ತೋರಿಸಿದರೆ ಮಾಡುತ್ತಾರೆ. ಟ್ಯಾಂಕಿಗೆ ಬಿಡಬಾರದ ಫಾರ್ಮಲಿನ್, ಬಯಾಪ್ಸಿ ಸ್ಲೈಡ್ ಮಾಡಲು ಬಳಸುವ ಝೈಲೀನ್, ಸಯನೈಡ್ ಇರುವ ದ್ರಾವಣಗಳನ್ನು ಬೇರೆ ಕ್ಯಾನ್‌ನಲ್ಲಿ ಶೇಖರಿಸಿ ಕೊಟ್ಟರೆ ಘಟಕದ ಗಾಡಿ ತಿಂಗಳಿಗೊಮ್ಮೆಯಾದರೂ ತಪ್ಪದೆ ಒಯ್ಯುವ ಹಾಗೆ ಆದೇಶ ಮಾಡಿ. ಚೀಲ ಒಯ್ಯುತ್ತೇವೆ, ಕ್ಯಾನ್ ಒಯ್ಯುವುದಿಲ್ಲ ಅನ್ನುವ ಉತ್ತರ ನಾನು ಕೇಳಿದ್ದೇನೆ. ಸಯನೈಡ್ ಇಲ್ಲದ ಹಿಮೋಗ್ಲೋಬಿನ್ ರಿಯೇಜೆಂಟ್‌ಗಳು ಈಗ ಸಿಗುತ್ತವೆ. ಹಳೆಯದನ್ನು ಬಿಡಲು ಲ್ಯಾಬ್‌ಗಳಿಗೆ ಒಂದು ಗಡುವು ಕೊಡಿ.

ತಪಾಸಣೆಗೆ ಬರುವ ಅಧಿಕಾರಿಗಳು ಚೀಲ ನೋಡಿದ ಮೇಲೆ ಹಿಂದಿನ ಗೋಡೆಯನ್ನೂ ನೋಡಲಿ. ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಅದರ ಜೊತೆ ನಡೆದು ಹೋಗಿ ನೋಡಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಅಡಿ ಲ್ಯಾಬ್ ನೋಂದಣಿಯ ಅರ್ಜಿ ನಿಮ್ಮ ಮುಂದೆ ಬಂದಾಗ ದ್ರವ ತ್ಯಾಜ್ಯದ ಪ್ರಶ್ನೆಯನ್ನೂ ಕೇಳಿ. ಲ್ಯಾಬಿನ ಪಕ್ಕದ ಬಾವಿಗಳ ನೀರನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಆ ಮನೆಯವರಿಗೆ ತಿಳಿಸಿ.

ಜಿಲ್ಲೆಯ ಎಲ್ಲ ಪೌರಕಾರ್ಮಿಕರಿಗೆ, ಗುತ್ತಿಗೆಯವರನ್ನೂ ಸೇರಿಸಿ, ಗ್ರಾಮ ಪಂಚಾಯ್ತಿಯ ಕಸದ ಗಾಡಿಯ ಹೆಂಗಸರನ್ನೂ ಸೇರಿಸಿ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೊದಲ ಡೋಸಿನ ದಿನ ಫೋಟೋ ತೆಗೆದು ಮೂರನೆಯದನ್ನು ಮರೆತರೆ ಪ್ರಯೋಜನ ಇಲ್ಲ. ಸೂಜಿ ಚುಚ್ಚಿದರೆ ಯಾವ ಹೊತ್ತಿಗೂ ಯಾವ ಆಸ್ಪತ್ರೆಗೆ ಹೋಗಬೇಕು, ಯಾರನ್ನು ಕೇಳಬೇಕು ಅಂತ ಪ್ರತಿ ತಾಲ್ಲೂಕಿಗೂ ಹೇಳಿಡಿ. ಆ ದಿನದ ಹಾಜರಿ ಕಡಿಯಬಾರದು ಅಂತ ಲಿಖಿತ ಆದೇಶ ಇರಲಿ. ಯಾರ ಸೂಜಿ ಅಂತ ಗೊತ್ತಿಲ್ಲದಿದ್ದರೂ ಘಟನೆಯನ್ನು ಸ್ಥಳೀಯ ಸಂಸ್ಥೆ ಬರೆದು ಸಮಿತಿಗೆ ಕಳಿಸಲಿ.

ಕಲೆಕ್ಷನ್ ಸೆಂಟರ್‌ಗಳ ಪಟ್ಟಿ ಮಾಡಿಸಿ. ಯಾವ ಘಟಕದ ಗಾಡಿ ಅವರ ಬಾಗಿಲಿಗೆ ಬರುತ್ತದೆ ಅಂತ ಪ್ರತಿಯೊಬ್ಬರಿಂದ ಬರೆಸಿಕೊಳ್ಳಿ. ದಾರಿ ಬಂದ್ ಆದಾಗ ತ್ಯಾಜ್ಯ ಎಲ್ಲಿ ಇಡಬೇಕು, ಯಾವ ದಾರಿಯಿಂದ ಗಾಡಿ ಬರಬೇಕು ಅಂತ ಜೂನ್ ಶುರುವಾಗುವ ಮೊದಲೇ ತೀರ್ಮಾನಿಸಿ ಲ್ಯಾಬ್‌ಗಳಿಗೆ ತಿಳಿಸಿ. ವರ್ಷಕ್ಕೊಮ್ಮೆ ಕೊಡಲೇಬೇಕಾದ ತರಬೇತಿಯನ್ನು ಕನ್ನಡದಲ್ಲಿ, ತಾಲ್ಲೂಕು ಮಟ್ಟದಲ್ಲಿ, ನೆಲ ಒರೆಸುವ ಆಯಾಗಳಿಗೂ ಕೊಡಿ. ಹೈಪೋ ಬೆರೆಸುವವರು ಅವರೇ. ಸಮಿತಿ ಆರು ತಿಂಗಳಿಗೊಮ್ಮೆ ರಾಜ್ಯಕ್ಕೆ ಕಳಿಸುವ ವರದಿಯನ್ನು ಜಿಲ್ಲೆಯ ಜಾಲತಾಣದಲ್ಲಿ ಹಾಕಿ, ನಾವೂ ಓದುತ್ತೇವೆ.

ಲ್ಯಾಬ್ ನಡೆಸುವವರಿಗೂ ಎರಡು ಮಾತು. ನಿಮ್ಮ ಕಷ್ಟ ನನಗೆ ಗೊತ್ತು. ಬಾಡಿಗೆ, ಕಿಟ್ ದರ, ದೊಡ್ಡ ಕಂಪನಿಗಳ ಪೈಪೋಟಿ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಆದರೆ ನಾನು ಈಗ ಇರುವ ಲ್ಯಾಬಿನಲ್ಲಿ ಮಷೀನಿನ ನೀರನ್ನು ಮುಚ್ಚಳವಿರುವ ಕ್ಯಾನ್‌ನಲ್ಲಿ ಹಿಡಿದು, ಹೈಪೋ ಹಾಕಿ, ಹೊತ್ತು ನೋಡಿ ಬಿಡುತ್ತೇವೆ. ಫಾರ್ಮಲಿನ್‌ಗೆ ಬೇರೆ ಡಬ್ಬಿ ಇದೆ. ಇದು ಪೂರ್ತಿ ಪರಿಹಾರ ಅಲ್ಲ, ಮೇಲೆ ಹೇಳಿದ ಟ್ಯಾಂಕ್ ಬೇಕೇ ಬೇಕು. ಆದರೂ ಇಷ್ಟಕ್ಕೆ ತಗುಲುವ ಖರ್ಚು ತಿಂಗಳ ಕೊನೆಯಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ. ಆದೇಶ ಬರುವವರೆಗೆ ಕಾಯದೆ ಇಷ್ಟನ್ನು ನಾಳೆಯಿಂದಲೇ ಶುರು ಮಾಡಬಹುದು.

ಮಾನ್ಯರೇ, ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸಣ್ಣ ಲ್ಯಾಬ್‌ಗಳ ದ್ರವ ತ್ಯಾಜ್ಯ ಮತ್ತು ಪೌರಕಾರ್ಮಿಕರ ಲಸಿಕೆ ಈ ಎರಡು ವಿಷಯಗಳನ್ನು ಸೇರಿಸಬೇಕು, ಆ ಸಭೆಗೆ ಲ್ಯಾಬ್ ಟೆಕ್ನೀಷಿಯನ್‌ಗಳ ಮತ್ತು ಪೌರಕಾರ್ಮಿಕರ ತಲಾ ಇಬ್ಬರು ಪ್ರತಿನಿಧಿಗಳನ್ನು ಕರೆಯಬೇಕು ಅಂತ ಕೇಳಿಕೊಳ್ಳುತ್ತೇನೆ. ಕರೆದರೆ ನಾನು ಬರುತ್ತೇನೆ. ತಪಾಸಣೆಗೆ ಹೋಗುವ ತಂಡಕ್ಕೆ ಯಾವ ಪೈಪ್ ಎಲ್ಲಿ ಹುಡುಕಬೇಕು ಅಂತ ತೋರಿಸಲು ಭಾನುವಾರಗಳಲ್ಲಿ ಜೊತೆಗೆ ಬರಲೂ ಸಿದ್ಧಳಿದ್ದೇನೆ. ಸಭೆಯ ದಿನಾಂಕ ನಿಗದಿಯಾದರೆ ಪತ್ರಿಕೆಗಳ ಮೂಲಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಲ್ಯಾಬ್ ಟೆಕ್ನೀಷಿಯನ್